ಘಟ್ಟ ದಾಟುವ ಅಲೆ: ಹ್ಯಾಮ್ ಪರವಾನಗಿಯ ದರ್ಜೆಗಳು ಮತ್ತು ನಮ್ಮ ವಿಜ್ಞಾನ ಪಾಠ

ಒಂಬತ್ತನೇ ತರಗತಿಯ ಶಬ್ದದ ಪಾಠದಲ್ಲಿ ನಾವೆಲ್ಲ ಒಂದು ಸೂತ್ರ ಬರೆಸ್ತೀವಿ: ವೇಗ = ಆವೃತ್ತಿ × ತರಂಗದೂರ. ಮಕ್ಕಳು ಬಾಯಿಪಾಠ ಮಾಡ್ತಾರೆ, ಎರಡು ಲೆಕ್ಕ ಮಾಡ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೀತಾರೆ. ಈ ಸೂತ್ರವನ್ನು ದಿನಾ ಬಳಸುವವರು ಇದ್ದಾರೆ. ಅವರೇ ಹವ್ಯಾಸಿ ರೇಡಿಯೊದವರು, ಅಂದರೆ ಹ್ಯಾಮ್‌ಗಳು. ಸ್ವಂತ ಟ್ರಾನ್ಸ್‌ಮಿಟರ್ ಇಟ್ಟುಕೊಂಡು, ಲಾಭದ ಆಸೆ ಇಲ್ಲದೆ, ಊರಿನಿಂದ ಊರಿಗೆ, ದೇಶದಿಂದ ದೇಶಕ್ಕೆ ಮಾತಾಡುವವರು. ನಮ್ಮ ದೇಶದಲ್ಲಿ 12 ವರ್ಷ ತುಂಬಿದವರು ಇದರ ಪರೀಕ್ಷೆಗೆ ಕೂರಬಹುದು. ಅಂದರೆ ನಿಮ್ಮ ಏಳನೇ ತರಗತಿಯ ಹುಡುಗಿಯೂ ಕೂರಬಹುದು.

ಹ್ಯಾಮ್ ಪರವಾನಗಿಯಲ್ಲಿ ದರ್ಜೆಗಳಿವೆ. ಯಾವ ಆವೃತ್ತಿಯಲ್ಲಿ ಎಷ್ಟು ಶಕ್ತಿ ಬಳಸಬಹುದು ಎಂಬ ಪಟ್ಟಿ ಇದೆ. ಮೊದಲ ಸಲ ನೋಡಿದರೆ ಸರ್ಕಾರಿ ಸುತ್ತೋಲೆ ಥರ ಕಾಣ್ತದೆ. ಆದರೆ ಆ ಪಟ್ಟಿಯ ಸಾಲುಗಳ ಹಿಂದೆ ಭೌತಶಾಸ್ತ್ರ ಇದೆ. ಅದನ್ನು ತರಗತಿಗೆ ತರುವುದು ಹೇಗೆ ಅಂತ ಇಲ್ಲಿ ನೋಡೋಣ.

ಪರವಾನಗಿ ಯಾಕೆ ಬೇಕು?

ಮಕ್ಕಳು ಮೊದಲು ಕೇಳುವ ಪ್ರಶ್ನೆ ಇದೇ: "ಮೊಬೈಲ್‌ಗೆ ಪರೀಕ್ಷೆ ಇಲ್ಲ, ಇದಕ್ಕ್ಯಾಕೆ ಸರ್?" ಉತ್ತರ ಗೋವಾದ ಇತಿಹಾಸದಲ್ಲೇ ಇದೆ. 1955ರ ನವೆಂಬರ್ 25ರಂದು 'ವಾಯ್ಸ್ ಆಫ್ ಫ್ರೀಡಂ' ಎಂಬ ಗುಪ್ತ ರೇಡಿಯೊ ಶುರುವಾಯಿತು. ನಡೆಸಿದವರು ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ. ಮೊದಲು ಅಂಬೋಲಿ, ಆಮೇಲೆ ನಮ್ಮ ಉತ್ತರ ಕನ್ನಡದ ಕ್ಯಾಸಲ್‌ರಾಕ್ ಕಾಡಿನಿಂದ ಗೋವಾದೊಳಗೆ ಸುದ್ದಿ ಬಿತ್ತರಿಸಿದರು. ಪೋರ್ಚುಗೀಸರು ಗಡಿಯಲ್ಲಿ ಮನುಷ್ಯರನ್ನು ತಡೆದರು, ಪತ್ರಿಕೆಗಳನ್ನು ತಡೆದರು. ಅಲೆಯನ್ನು ತಡೆಯಲು ಆಗಲಿಲ್ಲ. 1961ರ ಡಿಸೆಂಬರ್‌ವರೆಗೂ ಆ ದನಿ ನಡೆಯಿತು. ಅದು ಹ್ಯಾಮ್ ಕೇಂದ್ರ ಅಲ್ಲ, ಆದರೆ ಪಾಠ ಸ್ಪಷ್ಟ. ರೇಡಿಯೊ ಅಲೆಗೆ ಗಡಿ ಗೊತ್ತಿಲ್ಲ. ವಿಮಾನ, ಹಡಗು, ಪೊಲೀಸ್, ಸೇನೆ ಎಲ್ಲರೂ ಅದೇ ಆಕಾಶವನ್ನು ಹಂಚಿಕೊಂಡಿದ್ದಾರೆ. ಒಬ್ಬ ತಪ್ಪು ಆವೃತ್ತಿಯಲ್ಲಿ ಬಟನ್ ಒತ್ತಿದರೆ ಇನ್ನೊಬ್ಬರ ತುರ್ತು ಕರೆ ಮುಳುಗಿ ಹೋಗಬಹುದು. ಅದಕ್ಕೇ ಪರೀಕ್ಷೆ, ಅದಕ್ಕೇ ಕರೆಸಂಕೇತ.

ಕರೆಸಂಕೇತದಲ್ಲೂ ಇತಿಹಾಸ ಅಡಗಿದೆ. ಭಾರತದ ಹ್ಯಾಮ್‌ಗಳ ಹೆಸರು 'ವಿಯು' ಅಕ್ಷರಗಳಿಂದ ಶುರುವಾಗ್ತದೆ. ಪೋರ್ಚುಗೀಸ್ ಆಳ್ವಿಕೆಯ ಗೋವಾಕ್ಕೆ ಇದ್ದದ್ದು 'ಸಿಆರ್8'. ಜಗತ್ತಿನ ಹ್ಯಾಮ್‌ಗಳು ಇಟ್ಟುಕೊಳ್ಳುವ ದೇಶಗಳ ಪಟ್ಟಿಯಲ್ಲಿ ಗೋವಾ ಆಗ ಬೇರೆಯೇ ನಮೂದು. 1961ರ ಡಿಸೆಂಬರ್ 31ರ ತನಕದ ಸಂಪರ್ಕಗಳಿಗೆ ಮಾತ್ರ ಅಲ್ಲಿ ಲೆಕ್ಕ. ವಿಮೋಚನೆಯ ಜೊತೆಗೆ ಆಕಾಶದಲ್ಲಿ ಈ ಮಣ್ಣಿನ ಹೆಸರೂ ಬದಲಾಯಿತು.

ನಾಲ್ಕು ಮೆಟ್ಟಿಲು ಎರಡಾದವು

ಭಾರತದ ಹವ್ಯಾಸಿ ರೇಡಿಯೊ 1978ರ ನಿಯಮಗಳಡಿ ಬೆಳೆಯಿತು. ಹಳೆಯ ಪದ್ಧತಿಯಲ್ಲಿ ನಾಲ್ಕು ಮೆಟ್ಟಿಲು: ರಿಸ್ಟ್ರಿಕ್ಟೆಡ್, ಗ್ರೇಡ್-2, ಗ್ರೇಡ್-1, ಅಡ್ವಾನ್ಸ್ಡ್. ಮೇಲೆ ಹತ್ತಿದಂತೆ ಮೋರ್ಸ್ ಸಂಕೇತದ ವೇಗ ಹೆಚ್ಚಬೇಕು. ಗ್ರೇಡ್-2ಕ್ಕೆ ನಿಮಿಷಕ್ಕೆ 5 ಪದ, ಗ್ರೇಡ್-1ಕ್ಕೆ 12 ಪದ. ಮೋರ್ಸ್ ಬಾರದವರಿಗೆ ರಿಸ್ಟ್ರಿಕ್ಟೆಡ್ ದರ್ಜೆ ಒಂದೇ ದಾರಿ, ಮತ್ತು ಅವರು ಇರಬೇಕಾದ್ದು ಅತಿ ಉಚ್ಚ ಆವೃತ್ತಿಯ ಪಟ್ಟಿಗಳಲ್ಲಿ ಮಾತ್ರ.

2003ರಲ್ಲಿ ಜಿನೀವಾದ ವಿಶ್ವ ರೇಡಿಯೊ ಸಮ್ಮೇಳನ ಒಂದು ದೊಡ್ಡ ಬಾಗಿಲು ತೆರೆಯಿತು. 30 ಮೆಗಾಹರ್ಟ್ಸ್‌ಗಿಂತ ಕೆಳಗೆ ಕೆಲಸ ಮಾಡುವವರಿಗೆ ಮೋರ್ಸ್ ಕಡ್ಡಾಯ ಎಂಬ ಅಂತರರಾಷ್ಟ್ರೀಯ ನಿಯಮ ಹೋಯಿತು. ಕೇಳಬೇಕೋ ಬೇಡವೋ ಆಯಾ ದೇಶವೇ ತೀರ್ಮಾನಿಸಲಿ ಎಂದಾಯಿತು. ಆ ನಂತರದ ವರ್ಷಗಳಲ್ಲಿ ನಮ್ಮಲ್ಲಿ ಮೆಟ್ಟಿಲು ಎರಡಕ್ಕೆ ಇಳಿದವು.

ಜನರಲ್ ದರ್ಜೆ: ರೇಡಿಯೊ ಸಿದ್ಧಾಂತ, ನಿಯಮಗಳು, ಜೊತೆಗೆ ನಿಮಿಷಕ್ಕೆ 8 ಪದದ ಮೋರ್ಸ್. ಪದಕ್ಕೆ 5 ಅಕ್ಷರ ಹಿಡಿದರೆ ನಿಮಿಷಕ್ಕೆ 40 ಅಕ್ಷರ. ಉಚ್ಚ ಆವೃತ್ತಿಯಲ್ಲಿ 400 ವ್ಯಾಟ್‌ವರೆಗೆ ಶಕ್ತಿ. ಕರೆಸಂಕೇತ ವಿಯು2.

ರಿಸ್ಟ್ರಿಕ್ಟೆಡ್ ದರ್ಜೆ: ಸಿದ್ಧಾಂತ ಮತ್ತು ನಿಯಮಗಳು ಮಾತ್ರ, ಮೋರ್ಸ್ ಇಲ್ಲ. ಉಚ್ಚ ಆವೃತ್ತಿಯಲ್ಲಿ 50 ವ್ಯಾಟ್. ಕರೆಸಂಕೇತ ವಿಯು3.

ಇದರಲ್ಲಿ ನಿಜವಾದ ಬದಲಾವಣೆ ಯಾವುದು ಅಂತ ಮಕ್ಕಳನ್ನು ಕೇಳಿ. ಮೋರ್ಸ್ ಹೋಯಿತು ಅಂತಾರೆ. ಅದಲ್ಲ. ಮೋರ್ಸ್ ಬಾರದವರಿಗೂ ಉಚ್ಚ ಆವೃತ್ತಿಯ ಪಟ್ಟಿ ಸಿಕ್ಕಿತು, ಉದಾಹರಣೆಗೆ 7000ದಿಂದ 7200 ಕಿಲೋಹರ್ಟ್ಸ್. ಇದರ ಬೆಲೆ ಗೊತ್ತಾಗಬೇಕಾದರೆ ಸಹ್ಯಾದ್ರಿಯ ಕಡೆ ತಿರುಗಬೇಕು.

ಘಟ್ಟದ ಲೆಕ್ಕ

ವಾಸ್ಕೋ, ಬೈನಾ, ಝುವಾರಿನಗರದ ನಮ್ಮ ಮಕ್ಕಳಲ್ಲಿ ಬಹಳಷ್ಟು ಮಂದಿಯ ಅಜ್ಜ-ಅಜ್ಜಿ ಇರುವುದು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆ. ಹಾಗಾಗಿ ಪ್ರಶ್ನೆಯನ್ನು ಹೀಗೆ ಇಡಿ: ವಾಸ್ಕೋದಿಂದ ವಿಜಯಪುರಕ್ಕೆ ರೇಡಿಯೊದಲ್ಲಿ ಮಾತಾಡೋದು ಹೇಗೆ?

ಮೊದಲು 145 ಮೆಗಾಹರ್ಟ್ಸ್. ಈ ಅಲೆ ಹೆಚ್ಚುಕಡಿಮೆ ಬೆಳಕಿನ ಹಾಗೆ ನೇರ ಹೋಗ್ತದೆ. ಭೂಮಿ ದುಂಡಗಿರುವುದರಿಂದ ಒಂದು ದೂರದ ನಂತರ ಅಲೆ ನೆಲ ಬಿಟ್ಟು ಮೇಲೆ ಹೋಗಿಬಿಡ್ತದೆ. ರೇಡಿಯೊ ದಿಗಂತದ ದೂರ ಕಿಲೋಮೀಟರ್‌ಗಳಲ್ಲಿ = 4.12 × ಆಂಟೆನಾದ ಎತ್ತರದ ವರ್ಗಮೂಲ, ಎತ್ತರ ಮೀಟರ್‌ಗಳಲ್ಲಿ. ಆಂಟೆನಾ 25 ಮೀಟರ್ ಎತ್ತರದಲ್ಲಿದ್ದರೆ 4.12 × 5 = 20.6 ಕಿ.ಮೀ. ಎರಡೂ ಕಡೆ ಅಷ್ಟೇ ಎತ್ತರ ಇದ್ದರೆ ಸುಮಾರು 41 ಕಿ.ಮೀ. ಝುವಾರಿ ನದಿಯಾಚೆ ಪಣಜಿಗೆ ಸಾಕು. ಆದರೆ ಪೂರ್ವಕ್ಕೆ ಅನಮೋಡ, ಚೋರ್ಲಾ ಘಟ್ಟಗಳ ಸಾಲು ಗೋಡೆಯಂತೆ ನಿಂತಿದೆ. ಅಜ್ಜಿಯ ಊರು ಸಿಗೋದಿಲ್ಲ.

ಈಗ 7.1 ಮೆಗಾಹರ್ಟ್ಸ್. ಸೂರ್ಯನ ನೇರಳಾತೀತ ಕಿರಣಗಳು ಮೇಲಿನ ಗಾಳಿಯ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಅಯಾನುಗೋಳ ಮಾಡಿವೆ. ಮೇಲಕ್ಕೆ ಬಿಟ್ಟ 7 ಮೆಗಾಹರ್ಟ್ಸ್ ಅಲೆ ಅಲ್ಲಿ ಬಾಗಿ ಕೆಳಗೆ ಮರಳಬಲ್ಲದು. ವಾಸ್ಕೋ-ವಿಜಯಪುರ ನೇರ ದೂರ ಸುಮಾರು 260 ಕಿ.ಮೀ. ಪದರ 300 ಕಿ.ಮೀ. ಎತ್ತರದಲ್ಲಿದೆ ಅಂತ ಇಟ್ಟುಕೊಳ್ಳಿ. ಕಪ್ಪು ಹಲಗೆ ಮೇಲೆ ತ್ರಿಕೋನ ಬರೆದು ಪೈಥಾಗೊರಸ್ ಪ್ರಮೇಯ ಹಚ್ಚಿ: ಒಂದು ಬಾಹು 130, ಇನ್ನೊಂದು 300, ಕರ್ಣ ಸುಮಾರು 327 ಕಿ.ಮೀ. ಹೋಗಿ ಬರುವ ದಾರಿ 654 ಕಿ.ಮೀ. ಸೆಕೆಂಡಿಗೆ 3 ಲಕ್ಷ ಕಿ.ಮೀ. ವೇಗದಲ್ಲಿ ಇದಕ್ಕೆ ಬೇಕಾದ ಕಾಲ 2.2 ಮಿಲಿಸೆಕೆಂಡ್. ಘಟ್ಟ ಎಷ್ಟು ಎತ್ತರ ಇದ್ದರೂ ಈ ಅಲೆಗೆ ಲೆಕ್ಕಕ್ಕಿಲ್ಲ, ಅದು ತಲೆ ಮೇಲಿಂದ ಇಳೀತದೆ. ರಿಸ್ಟ್ರಿಕ್ಟೆಡ್ ದರ್ಜೆಗೆ ಸಿಕ್ಕ ಹೊಸ ಹಕ್ಕು ಅಂದರೆ ಇದು.

ಆದರೆ ಆಕಾಶ ಇಪ್ಪತ್ನಾಲ್ಕು ಗಂಟೆ ಒಂದೇ ಥರ ಇರೋದಿಲ್ಲ. ರಾತ್ರಿ ಸೂರ್ಯ ಇಲ್ಲದೆ ಪದರ ತೆಳುವಾದಾಗ, ನೆಟ್ಟಗೆ ಮೇಲೆ ಹೋದ 7 ಮೆಗಾಹರ್ಟ್ಸ್ ಅಲೆ ಬಾಗದೆ ಹೊರಗೆ ಹೋಗಿಬಿಡಬಹುದು. ಓರೆಯಾಗಿ ಹೋದದ್ದು ಬಾಗಿ ಬಹಳ ದೂರ ಬೀಳ್ತದೆ. ಆಗ ಪಕ್ಕದ ಜಿಲ್ಲೆ ಸಿಗದೆ ಪರದೇಶ ಸಿಗ್ತದೆ. ಹತ್ತಿರಕ್ಕೆ ಆಗ 3.5 ಮೆಗಾಹರ್ಟ್ಸ್ ಪಟ್ಟಿ ಬೇಕು. ಹ್ಯಾಮ್‌ಗಳಿಗೆ ಒಂದೇ ಪಟ್ಟಿ ಕೊಡದೆ ಏಣಿಯ ಹಾಗೆ ಹಲವು ಪಟ್ಟಿ ಕೊಟ್ಟಿರುವುದು ಇದೇ ಕಾರಣಕ್ಕೆ.

ಹಾಗಾದರೆ 145 ಮೆಗಾಹರ್ಟ್ಸ್ ಕಡಿಮೆ ದರ್ಜೆಯದಾ? ಅಲ್ಲ. ಅದು ಅಯಾನುಗೋಳವನ್ನು ತೂರಿ ಹೋಗ್ತದೆ, ಆದ್ದರಿಂದ ಉಪಗ್ರಹಕ್ಕೆ ಅದೇ ಸರಿ. ಇಸ್ರೋ 2005ರ ಮೇ 5ರಂದು ಪಿಎಸ್ಎಲ್‌ವಿ-ಸಿ6ರಲ್ಲಿ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್ ಹಾರಿಸಿತು. ನೆಲದಿಂದ 435 ಮೆಗಾಹರ್ಟ್ಸ್‌ನಲ್ಲಿ ಕೇಳಿ 145ರಲ್ಲಿ ತಿರುಗಿ ಹೇಳುತ್ತಿತ್ತು. 2014ರವರೆಗೆ ಹ್ಯಾಮ್‌ಗಳ ಸೇವೆ ಮಾಡಿತು.

50 ವ್ಯಾಟ್ ಮತ್ತು 400 ವ್ಯಾಟ್

ಎಂಟು ಪಟ್ಟು ಶಕ್ತಿ ಅಂದರೆ ಎಂಟು ಪಟ್ಟು ಜೋರಾಗಿ ಕೇಳ್ತದೆ ಅಂತ ಮಕ್ಕಳು ತಿಳೀತಾರೆ. ಸಂಕೇತದ ಪಾರ √8, ಅಂದರೆ ಸುಮಾರು 2.8 ಪಟ್ಟು ಮಾತ್ರ ಹೆಚ್ಚಾಗ್ತದೆ. ಡೆಸಿಬೆಲ್‌ನಲ್ಲಿ 9. ರಿಸೀವರಿನ ಮಾಪಕದಲ್ಲಿ ಒಂದು ಅಂಕ ಏರಲು ಶಕ್ತಿ ನಾಲ್ಕು ಪಟ್ಟು ಆಗಬೇಕು, ಅಂದರೆ 6 ಡೆಸಿಬೆಲ್. ಹಾಗಾಗಿ ಎರಡು ದರ್ಜೆಗಳ ನಡುವಿನ ವ್ಯತ್ಯಾಸ ಮುಳ್ಳಿನ ಒಂದೂವರೆ ಅಂಕ ಅಷ್ಟೇ. ಒಳ್ಳೆಯ ಆಂಟೆನಾ ಕಟ್ಟಿದ ವಿಯು3 ಕೆಟ್ಟ ಆಂಟೆನಾದ ವಿಯು2ನನ್ನು ಸುಲಭವಾಗಿ ಮೀರಿಸಬಲ್ಲ.

ಹಕ್ಕು ಬದಲಾಗುತ್ತಲೇ ಇರ್ತದೆ

ಆವೃತ್ತಿ ಅಂದರೆ ಹೊಲದ ಹಾಗೆ: ಬದು ಬದಲಾಗ್ತದೆ, ಉಳದೆ ಬಿಟ್ಟರೆ ಬೇರೆಯವರು ಕೇಳ್ತಾರೆ. 7100ರಿಂದ 7200 ಕಿಲೋಹರ್ಟ್ಸ್ ಭಾಗ ಒಂದು ಕಾಲಕ್ಕೆ ಏಷ್ಯಾದಲ್ಲಿ ಪ್ರಸಾರ ಕೇಂದ್ರಗಳದ್ದಾಗಿತ್ತು. 2003ರ ಅದೇ ಸಮ್ಮೇಳನ ಅದನ್ನು ಹ್ಯಾಮ್‌ಗಳಿಗೆ ಕೊಟ್ಟು, 2009ರ ಮಾರ್ಚ್ 29ರೊಳಗೆ ಪ್ರಸಾರದವರು ಖಾಲಿ ಮಾಡಬೇಕು ಅಂತ ಹೇಳಿತು. 2015ರ ಸಮ್ಮೇಳನ 5351.5ರಿಂದ 5366.5 ಕಿಲೋಹರ್ಟ್ಸ್‌ವರೆಗೆ, ಬರೇ 15 ಕಿಲೋಹರ್ಟ್ಸ್ ಅಗಲದ ಸಣ್ಣ ಪಟ್ಟಿ ಕೊಟ್ಟಿತು. 3.5 ಮತ್ತು 7ರ ನಡುವೆ ಏಣಿಯ ಒಂದು ಮೆಟ್ಟಿಲು ಇಲ್ಲದಿದ್ದುದನ್ನು ತುಂಬಲು. ಸಮ್ಮೇಳನ ಕೊಟ್ಟರೂ ಪ್ರತಿ ದೇಶ ತನ್ನ ಯೋಜನೆಯಲ್ಲಿ ಸೇರಿಸಿದ ಮೇಲೆಯೇ ಅದು ಬಳಕೆಗೆ. ನಮ್ಮಲ್ಲೂ 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ ಹಳೆಯ ನಿಯಮಗಳನ್ನು ಹೊಸದಾಗಿ ಬರೆಯುವ ಕೆಲಸ ನಡೆದಿದೆ. ಆದ್ದರಿಂದ ಅರ್ಜಿ ಹಾಕುವ ಮುಂಚೆ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ತಾಣದಲ್ಲಿ ಆ ದಿನದ ನಿಯಮ ನೋಡಿಕೊಳ್ಳಿ.

ಇದು ಬರೇ ಹವ್ಯಾಸವೇ?

2004ರ ಡಿಸೆಂಬರ್ 26ರ ಸುನಾಮಿ ಬಂದಾಗ ಹ್ಯಾಮ್‌ಗಳ ತಂಡವೊಂದು ಪೋರ್ಟ್‌ಬ್ಲೇರ್‌ನಲ್ಲಿತ್ತು. ತಂಡದ ಮುಂದಾಳು ಭಾರತಿ ಪ್ರಸಾದ್, ಕರೆಸಂಕೇತ ವಿಯು2ಆರ್‌ಬಿಐ. ಅಂಡಮಾನ್‌ನಿಂದ ಜಗತ್ತಿನ ಹ್ಯಾಮ್‌ಗಳ ಜೊತೆ ಮಾತಾಡಲು ಹೋದವರು, ಫೋನ್ ಸತ್ತು ಹೋದ ದ್ವೀಪಗಳ ಸುದ್ದಿಯನ್ನು ಮುಖ್ಯಭೂಮಿಗೆ ತಲುಪಿಸುವವರಾದರು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನಮಗೆಲ್ಲ ನೆನಪಿದೆ. ಗೋವಾದಲ್ಲಿ ಮರ ಬಿದ್ದು, ಕಂಬ ಬಿದ್ದು, ಊರೂರಿಗೆ ಕರೆಂಟ್ ಹೋಗಿತ್ತು. ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಮೊಬೈಲ್ ಗೋಪುರವೂ ಸುಮ್ಮನಾಗ್ತದೆ. ಒಂದು 12 ವೋಲ್ಟ್ ಬ್ಯಾಟರಿ, 20 ಮೀಟರ್ ತಂತಿ, ಪರವಾನಗಿ ಇರುವ ಒಬ್ಬರು. ಊರಿಗೆ ಅಷ್ಟಿದ್ದರೆ ಘಟ್ಟದಾಚೆಗೆ ಸುದ್ದಿ ಹೋಗ್ತದೆ.

ತರಗತಿಯಲ್ಲಿ ಮಾಡಿ

1. ಪಟ್ಟಿಯ ಹೆಸರು: ತರಂಗದೂರ ಮೀಟರ್‌ಗಳಲ್ಲಿ = 300 ÷ ಆವೃತ್ತಿ ಮೆಗಾಹರ್ಟ್ಸ್‌ನಲ್ಲಿ. 7.1ಕ್ಕೆ ಸುಮಾರು 42 ಮೀಟರ್, 145ಕ್ಕೆ ಸುಮಾರು 2 ಮೀಟರ್. ಹ್ಯಾಮ್‌ಗಳು '40 ಮೀಟರ್', '2 ಮೀಟರ್' ಅನ್ನುವುದು ಇದಕ್ಕೇ.

2. ಹಗ್ಗದ ಆಂಟೆನಾ: ಅರ್ಧ ಅಲೆಯ ಆಂಟೆನಾದ ಉದ್ದ ಸುಮಾರು 143 ÷ ಆವೃತ್ತಿ. 145ಕ್ಕೆ 98.6 ಸೆಂ.ಮೀ., ಪ್ರಯೋಗಾಲಯದ ಮೀಟರ್ ಪಟ್ಟಿಗಿಂತ ಸ್ವಲ್ಪ ಕಮ್ಮಿ. 7.1ಕ್ಕೆ 20.1 ಮೀಟರ್. ಶಾಲೆಯ ಅಂಗಳದಲ್ಲಿ ಹಗ್ಗ ಹಿಡಿದು ಮಕ್ಕಳನ್ನು ನಿಲ್ಲಿಸಿ. ಒಮ್ಮೆ ಕಣ್ಣಿಗೆ ಕಂಡರೆ ಮರೆಯೋದಿಲ್ಲ.

3. ಹಗಲು-ರಾತ್ರಿ: ಮಧ್ಯಮ ತರಂಗದ ರೇಡಿಯೊದಲ್ಲಿ ಮಧ್ಯಾಹ್ನ 12ಕ್ಕೆ ಮತ್ತು ರಾತ್ರಿ 9ಕ್ಕೆ ಎಷ್ಟು ಕೇಂದ್ರ ಕೇಳ್ತವೆ ಅಂತ ಒಂದು ವಾರ ಪಟ್ಟಿ ಮಾಡಲಿ. ಧಾರವಾಡ ಆಕಾಶವಾಣಿಯನ್ನು 765 ಕಿಲೋಹರ್ಟ್ಸ್‌ನಲ್ಲಿ ಹುಡುಕಲಿ. ಹಗಲಿನಲ್ಲಿ ಅಯಾನುಗೋಳದ ಕೆಳಗಿನ ಡಿ ಪದರ ಈ ಅಲೆಗಳನ್ನು ಹೀರಿಕೊಳ್ತದೆ, ರಾತ್ರಿ ಆ ಪದರ ಕರಗ್ತದೆ.

ಒಂದು ಎಚ್ಚರಿಕೆ: ಕೈಯಲ್ಲಿ ಹಿಡಿಯುವ ವಾಕಿಟಾಕಿ ಸೆಟ್‌ಗಳು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗ್ತವೆ. ಪರವಾನಗಿ ಇಲ್ಲದೆ ಹ್ಯಾಮ್ ಪಟ್ಟಿಯಲ್ಲಿ ಮಾತಾಡುವುದು ಅಪರಾಧ ಅಂತ ಮಕ್ಕಳಿಗೆ ಮೊದಲ ದಿನವೇ ಹೇಳಿ.

ಭಾಷೆಯ ಸೇತುವೆ

ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬರೋದಿಲ್ಲ. ನಮ್ಮ ಮಕ್ಕಳು ಹಿಂದೆ ಬೀಳುವುದು ಇಲ್ಲೇ, ವಿಷಯದಲ್ಲಿ ಅಲ್ಲ. ಓಮನ ನಿಯಮ ಅವರಿಗೆ ಗೊತ್ತು, ರೆಸಿಸ್ಟೆನ್ಸ್ ಅಂದರೆ ರೋಧ ಅಂತ ಗೊತ್ತಿರೋದಿಲ್ಲ. ಆದ್ದರಿಂದ ಗೋಡೆ ಮೇಲೆ ಎರಡು ಸಾಲಿನ ಪಟ್ಟಿ ಹಾಕಿ: ಆವೃತ್ತಿ – ಫ್ರೀಕ್ವೆನ್ಸಿ, ತರಂಗದೂರ – ವೇವ್‌ಲೆಂತ್, ಪಾರ – ಆಂಪ್ಲಿಟ್ಯೂಡ್, ಅಯಾನುಗೋಳ – ಅಯಾನೋಸ್ಫಿಯರ್, ರೋಧ – ರೆಸಿಸ್ಟೆನ್ಸ್, ವಿಭವಾಂತರ – ಪೊಟೆನ್ಷಿಯಲ್ ಡಿಫರೆನ್ಸ್. ದಿನಕ್ಕೆ ಮೂರು ಪದ ಸಾಕು. ಪರಿಕಲ್ಪನೆ ಕನ್ನಡದಲ್ಲಿ ಗಟ್ಟಿಯಾಗಿದ್ದರೆ ಹೊಸ ಪದ ಬೇಗ ಕೂರ್ತದೆ. ವೈರ್‌ಲೆಸ್ ನಿಗಾ ಕೇಂದ್ರಗಳು ಗೋವಾ, ಮಂಗಳೂರು, ಬೆಂಗಳೂರು ಮೂರೂ ಕಡೆ ಇವೆ. ಪರೀಕ್ಷೆಯ ದಿನಾಂಕ ವಿಚಾರಿಸಿ, ರಿಸ್ಟ್ರಿಕ್ಟೆಡ್ ದರ್ಜೆಯಿಂದ ಶುರು ಮಾಡಿ. ಮಕ್ಕಳ ಜೊತೆ ನೀವೂ ಕೂತು ಬರೆಯಿರಿ.

ಮಕ್ಕಳಿಗೆ ಪ್ರಶ್ನೆಗಳು

1. 14.2 ಮೆಗಾಹರ್ಟ್ಸ್‌ನ ತರಂಗದೂರ ಎಷ್ಟು? ಅರ್ಧ ಅಲೆಯ ಆಂಟೆನಾ ಎಷ್ಟು ಉದ್ದ?
2. ಆಂಟೆನಾದ ಎತ್ತರ 25ರಿಂದ 100 ಮೀಟರ್‌ಗೆ ಏರಿದರೆ ರೇಡಿಯೊ ದಿಗಂತ ಎಷ್ಟು ಪಟ್ಟು ಹೆಚ್ಚುತ್ತದೆ?
3. 50 ವ್ಯಾಟ್‌ನಿಂದ 12.5 ವ್ಯಾಟ್‌ಗೆ ಇಳಿಸಿದರೆ ರಿಸೀವರಿನ ಮಾಪಕ ಎಷ್ಟು ಅಂಕ ಇಳಿಯುತ್ತದೆ?
4. ನಿಮ್ಮ ಅಜ್ಜಿಯ ಊರಿಗೆ ನೇರ ದೂರ ನಕ್ಷೆಯಲ್ಲಿ ಅಳೆಯಿರಿ. ಹಗಲಿಗೆ ಯಾವ ಪಟ್ಟಿ, ರಾತ್ರಿಗೆ ಯಾವ ಪಟ್ಟಿ ಆರಿಸುತ್ತೀರಿ? ಕಾರಣ ಬರೆಯಿರಿ.