ಟೆಂಡರಿನ ಕೊನೆಯ ಪುಟ

ಅಮೆರಿಕದ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿ ನಗರಗಳ ಸೇವಾ ಸಂಸ್ಥೆಯೊಂದರಲ್ಲಿ ನನ್ನ ದುಡಿಮೆಯ ಬಹುಪಾಲು ಕಳೆದಿದೆ. ಬ್ಯಾಂಕ್ ಸಾಲ, ಬಸ್ಸು, ರೈಲು, ಸರ್ಕಾರಿ ಗುತ್ತಿಗೆಗಳಲ್ಲಿ ಕಪ್ಪು ಜನರಿಗೂ ನ್ಯಾಯವಾದ ಪಾಲು ಸಿಗುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಊರು ಬೇರೆ, ಕೇರಿ ಬೇರೆ ಎಂಬುದನ್ನು ನೋಡುತ್ತಲೇ ಬೆಳೆದ ಕನ್ನಡಿಗನಿಗೆ ಇದೇನೂ ಹೊಸದಲ್ಲ ಬಿಡು ಎನ್ನುತ್ತಿದ್ದರು ಗೆಳೆಯರು. ಕೇರಿಯನ್ನು ಗುರುತಿಸುವುದು ಸುಲಭವೇ ಆಯಿತು. ಅದನ್ನು ಕೇರಿಯಾಗಿಯೇ ಉಳಿಸುವ ಕಾಗದಪತ್ರ ಅರ್ಥವಾಗಲು ವರ್ಷಗಳು ಹಿಡಿದವು.

ಸೇಂಟ್ ಪಾಲ್‌ನ ರೊಂಡೊ, ಸ್ವಂತ ಮನೆ, ಅಂಗಡಿ, ಚರ್ಚುಗಳಿದ್ದ ಕಪ್ಪು ಜನರ ಬಡಾವಣೆ. 1950–60ರ ದಶಕಗಳಲ್ಲಿ ಐ-94 ಹೆದ್ದಾರಿ ಅದನ್ನು ಸೀಳಿಕೊಂಡು ಹೋಯಿತು, ನೂರಾರು ಮನೆಗಳು ನೆಲಸಮವಾದವು. ಅಂದಿನ ಮೇಯರ್ ಕ್ರಿಸ್ ಕೋಲ್ಮನ್ ನಗರದ ಪರವಾಗಿ ಕ್ಷಮೆ ಕೇಳಿದ್ದು 2015ರಲ್ಲಿ.

ಅದಕ್ಕೆ ಮುಂಚೆಯೇ, ಪಕ್ಕದ ಯೂನಿವರ್ಸಿಟಿ ಅವೆನ್ಯೂ ಮೇಲೆ ಎರಡೂ ನಗರಗಳನ್ನು ಜೋಡಿಸುವ ಲಘು ರೈಲಿನ ಯೋಜನೆ ಬಂತು. ನಕ್ಷೆ ನೋಡಿದರೆ, ಕಪ್ಪು ಜನ ಮತ್ತು ಆಗ್ನೇಯ ಏಷ್ಯಾದಿಂದ ಬಂದ ಹ್ಮಾಂಗ್ ಜನ ಹೆಚ್ಚಾಗಿರುವ ಭಾಗದಲ್ಲಿ ಮೈಲಿಗೊಂದು ನಿಲ್ದಾಣ! ಕೇಂದ್ರದ ಅನುದಾನಕ್ಕೆ ಒಂದು ಸೂತ್ರವಿತ್ತು. ಹಾಕಿದ ಹಣಕ್ಕೆ ಪ್ರಯಾಣಿಕರ ಸಮಯ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ. ನಿಲ್ದಾಣ ಹೆಚ್ಚಾದರೆ ಖರ್ಚೂ ಹೆಚ್ಚು, ರೈಲೂ ನಿಧಾನ. ಹಿಮದಲ್ಲಿ ಕಾಲೆಳೆದುಕೊಂಡು ಬರುವ ಅಜ್ಜಿ ಆ ಲೆಕ್ಕಕ್ಕೇ ಬರುತ್ತಿರಲಿಲ್ಲ. ಸ್ಥಳೀಯ ಸಂಘಟನೆಗಳು ಹಟ ಹಿಡಿದವು. ‘ಅನ್ಯಾಯ’ ಎಂದಾಗ ಅಧಿಕಾರಿಗಳು ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ಲೆಕ್ಕದ ಹಾಳೆ ತೋರಿಸಿ ಎಂದಾಗ ಮಾತ್ರ ಕುರ್ಚಿಯಲ್ಲಿ ನೆಟ್ಟಗಾಗುತ್ತಿದ್ದರು. 2010ರ ಜನವರಿಯಲ್ಲಿ ವಾಷಿಂಗ್ಟನ್ ಆ ಸೂತ್ರದ ಬಿಗಿ ಸಡಿಲಿಸಿತು. ವೆಸ್ಟರ್ನ್, ವಿಕ್ಟೋರಿಯಾ, ಹ್ಯಾಮ್ಲಿನ್ ನಿಲ್ದಾಣಗಳು ಸೇರಿದವು. 2014ರ ಜೂನ್‌ನಲ್ಲಿ ರೈಲು ಓಡಿತು.

ಗುತ್ತಿಗೆಯ ಕಥೆ ಇನ್ನೂ ಜಟಿಲ. ಕರ್ನಾಟಕದಲ್ಲಿ ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಕಾಯ್ದೆಯೇ ಮೀಸಲು ಕೊಟ್ಟಿದೆ. ಅಮೆರಿಕದಲ್ಲಿ ಹಾಗಲ್ಲ. ಗುತ್ತಿಗೆ ಹಣದಲ್ಲಿ ಶೇ 30ರಷ್ಟನ್ನು ಅಲ್ಪಸಂಖ್ಯಾತರ ಉದ್ಯಮಗಳಿಗೆ ಕೊಡಿಸಲು ಹೊರಟ ರಿಚ್ಮಂಡ್ ನಗರದ ನಿಯಮವನ್ನು ಸುಪ್ರೀಂ ಕೋರ್ಟ್ 1989ರಲ್ಲಿ ರದ್ದುಮಾಡಿತು. ನಮಗೆ ಉಳಿದದ್ದು ಷರತ್ತುಗಳ ಜೊತೆ ಗುದ್ದಾಟ. ಕೈಕೆಲಸದಲ್ಲಿ ಪಳಗಿದ ಪ್ಲಂಬರ್ ಒಬ್ಬರು ಟೆಂಡರ್ ಹಾಕಲು ಹೋದರೆ ಕೆಲಸ ಮುಗಿಸುವ ಖಾತರಿಯ ಬಾಂಡ್ ಬೇಕು. ಬಾಂಡ್ ಕೊಡುವವರು ಆಸ್ತಿ ಏನಿದೆ ಎನ್ನುತ್ತಾರೆ. ಈ ಪ್ಲಂಬರರ ಅಜ್ಜನ ಮನೆ ಇದ್ದದ್ದು ರೊಂಡೊದಲ್ಲಿ. ಒಂದು ವೇಳೆ ಕೆಲಸ ಸಿಕ್ಕಿತೆನ್ನಿ, ಬಿಲ್ ಪಾಸಾಗುವುದು ತಿಂಗಳುಗಟ್ಟಲೆ ಆದ ಮೇಲೆ, ಆಳುಗಳ ಕೂಲಿ ಮಾತ್ರ ವಾರವಾರ. ದೊಡ್ಡ ಗುತ್ತಿಗೆಯನ್ನು ತುಂಡು ಮಾಡಿ, ಬಿಲ್ ಬೇಗ ಪಾವತಿಸಿ ಎಂದು ನಾವು ದುಂಬಾಲುಬಿದ್ದದ್ದು ಇದಕ್ಕೇ. ಫೋಟೊ ತೆಗೆಸಿಕೊಳ್ಳುವಂಥ ಕೆಲಸವಲ್ಲ ಇದು, ದೇಣಿಗೆ ಕೊಡುವವರಿಗೂ ರುಚಿಸುವುದಿಲ್ಲ.

ನಿಮ್ಮೂರಿನ ಪುರಸಭೆಯ ಟೆಂಡರ್ ಪ್ರಕಟಣೆ ಕೈಗೆ ಸಿಕ್ಕರೆ, ಇಎಂಡಿ (ಟೆಂಡರಿನ ಜೊತೆ ಕಟ್ಟುವ ಠೇವಣಿ) ಎಷ್ಟು, ಹಿಂದಿನ ವರ್ಷಗಳ ವಹಿವಾಟು ಎಷ್ಟಿರಬೇಕು ಎಂಬ ಷರತ್ತುಗಳನ್ನು ಒಮ್ಮೆ ಓದಿ, ಯಾರ್‍ಯಾರು ಅರ್ಜಿ ಹಾಕಲಾರರು ಎಂದು ಪಟ್ಟಿ ಮಾಡಿ ನೋಡಿ.