ಕೊರೊನಾ ರೋಗಿಯ ಉಳಿವು: ಔಷಧವೂ ಅದರ ಕಾಲವೂ

ಕೊರೊನಾ ಸೋಂಕಿನಿಂದ ಆಸ್ಪತ್ರೆ ಸೇರಿದವರಲ್ಲಿ ಹಲವರು ಗುಣಹೊಂದಿ ಮನೆಗೆ ಮರಳಿದರು, ಕೆಲವರು ಮರಳಲಿಲ್ಲ. ಈ ಭೇದಕ್ಕೆ ಕಾರಣವನ್ನರಸಿ ಬ್ರಿಟನ್ನಿನ ವೈದ್ಯರು ೨೦೨೦ರಲ್ಲಿ ೨೦೮ ಆಸ್ಪತ್ರೆಗಳ ೨೦,೧೩೩ ರೋಗಿಗಳ ಸ್ಥಿತಿಗತಿಗಳನ್ನು ಪರಿಶೀಲಿಸಿದರು. ವೃದ್ಧಾಪ್ಯವೇ ಪ್ರಧಾನ ಕಾರಣವೆಂದು ಕಂಡುಬಂದಿತು. ಅತಿಸ್ಥೂಲತೆ, ಹೃದ್ರೋಗ, ಮೂತ್ರಪಿಂಡಗಳ ವ್ಯಾಧಿ ಮೊದಲಾದುವೂ ಮರಣಭಯವನ್ನು ಹೆಚ್ಚಿಸಿದ್ದುವು. ಸ್ತ್ರೀಯರಿಗಿಂತ ಪುರುಷರಿಗೆ ಅಪಾಯ ಅಧಿಕವಾಗಿತ್ತು. ಇವೆಲ್ಲ ರೋಗಿಯು ಆಸ್ಪತ್ರೆಯ ಹೊಸ್ತಿಲನ್ನು ದಾಟುವ ಮೊದಲೇ ನಿಶ್ಚಿತವಾದಂಥವು. ವೈದ್ಯರ ಕೈಯಲ್ಲಿರುವುದು ಉಪಚಾರವೊಂದೇ.

ಅದೇ ವರ್ಷ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ‘ರಿಕವರಿ’ ಎಂಬ ಪ್ರಯೋಗದಲ್ಲಿ ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಔಷಧವನ್ನು ಪರೀಕ್ಷಿಸಿದರು. ಕೃತಕ ಉಸಿರಾಟದ ಯಂತ್ರವನ್ನು ಆಶ್ರಯಿಸಿದವರ ಪೈಕಿ, ವಾಡಿಕೆಯ ಉಪಚಾರವನ್ನಷ್ಟೇ ಪಡೆದವರಲ್ಲಿ ೨೮ ದಿನಗಳೊಳಗೆ ನೂರಕ್ಕೆ ೪೧.೪ ಮಂದಿ ಮೃತರಾದರೆ, ಈ ಔಷಧವನ್ನೂ ಪಡೆದವರಲ್ಲಿ ೨೯.೩ ಮಂದಿ. ಆಮ್ಲಜನಕ ಮಾತ್ರ ಬೇಕಾದವರಲ್ಲಿ ಆ ಸಂಖ್ಯೆ ೨೬.೨ರಿಂದ ೨೩.೩ಕ್ಕೆ ಇಳಿಯಿತು. ಆಮ್ಲಜನಕವೇ ಬೇಡವಾದವರಿಗೆ ಪ್ರಯೋಜನವೇನೂ ಕಾಣಲಿಲ್ಲ.

ಒಂದೇ ಔಷಧಕ್ಕೆ ಈ ಭಿನ್ನಫಲವೇಕೆ? ಮೊದಲ ದಿನಗಳಲ್ಲಿ ದೇಹದ ರಕ್ಷಣಾಶಕ್ತಿಯು ವೈರಾಣುವಿನೊಡನೆ ಹೋರಾಡುತ್ತಿರುತ್ತದೆ. ಆಗ ಅದನ್ನು ಕುಗ್ಗಿಸುವುದು ಹಿತವಲ್ಲ. ವ್ಯಾಧಿ ಉಲ್ಬಣಿಸಿದವರಲ್ಲಿ, ಸಾಮಾನ್ಯವಾಗಿ ಎರಡನೆಯ ವಾರದ ಹೊತ್ತಿಗೆ, ಆ ಶಕ್ತಿಯೇ ಮಿತಿಮೀರಿ ಶ್ವಾಸಕೋಶಗಳಲ್ಲಿ ಉರಿಯೂತವನ್ನುಂಟುಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಔಷಧವು ಶಮನಗೊಳಿಸುವುದು ಈ ಉರಿಯೂತವನ್ನು.

೨೦೨೧ರ ಎರಡನೆಯ ಅಲೆಯಲ್ಲಿ ನಮ್ಮ ದೇಶದಲ್ಲಿ ಈ ವಿವೇಕ ಎಲ್ಲೆಡೆ ಉಳಿಯಲಿಲ್ಲ. ಉಸಿರಾಟ ಸರಿಯಿದ್ದವರೂ ಮನೆಯಲ್ಲಿಯೇ ಇಂಥ ಮಾತ್ರೆಗಳನ್ನು ನುಂಗಿದ್ದುಂಟು. ಮಧುಮೇಹಿಗಳ ರಕ್ತದಲ್ಲಿ ಸಕ್ಕರೆಯೇರಿತು. ಕಪ್ಪು ಶಿಲೀಂಧ್ರವೆಂದು ಹೆಸರಾದ ಸೋಂಕು ಹಲವರ ಕಣ್ಣುಗಳನ್ನೂ ಪ್ರಾಣವನ್ನೂ ಅಪಹರಿಸಿತು.