ಉತ್ಸಾಹ ಮತ್ತು ಧೃತಿ: ದೀರ್ಘಸೇವೆಗೊಂದು ಪಾಠ

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಸಾತ್ತ್ವಿಕ ಕರ್ತೃವಿನ ಲಕ್ಷಣವನ್ನು ನಿರೂಪಿಸುವಾಗ ಶ್ರೀಕೃಷ್ಣನು ಧೃತಿ, ಉತ್ಸಾಹ ಎಂಬೆರಡು ಗುಣಗಳನ್ನು ಜೊತೆಯಾಗಿಯೇ ಎಣಿಸಿದ್ದಾನೆ. ಉತ್ಸಾಹವು ಕಾರ್ಯವನ್ನು ಆರಂಭಿಸುವುದು. ಧೃತಿಯು ಅದನ್ನು ಕೊನೆಮುಟ್ಟಿಸುವುದು. ನಮ್ಮ ಸಮಾಜದಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ. ಉತ್ಸವದ ದಿನ ಸೇವೆಗೆ ನಿಲ್ಲುವವರು ನೂರಾರು ಮಂದಿ. ಆದರೆ ಅಂದು ಸಂಕಲ್ಪಿಸಿದ ಮಕ್ಕಳ ಪಾಠವಾಗಲಿ, ಬಡ ವಿದ್ಯಾರ್ಥಿಗಳ ನಿಧಿಯಾಗಲಿ ಬಾಗಿಲ ತೋರಣ ಬಾಡುವುದರೊಳಗಾಗಿ ನಿಂತುಹೋಗುವುದನ್ನು ನಾವು ಎಷ್ಟು ಬಾರಿ ಕಂಡಿಲ್ಲ! ಧೃತಿಯನ್ನು ಬೆಳೆಸುವ ಬಗೆಯೆಂತು? ಉಡುಪಿಯ ಎರಡು ನಿದರ್ಶನಗಳನ್ನು ಇಲ್ಲಿ ವಿಚಾರಿಸೋಣ.

ಶ್ರೀಮದಾಚಾರ್ಯರು ಶ್ರೀಕೃಷ್ಣಪೂಜೆಯನ್ನು ಎಂಟು ಮಂದಿ ಯತಿಗಳಿಗೆ ವಹಿಸಿದಾಗ ಸರದಿಯ ಅವಧಿ ಎರಡು ತಿಂಗಳುಗಳಾಗಿತ್ತು. ಶ್ರೀವಾದಿರಾಜರು ಅದನ್ನು ಎರಡು ವರ್ಷಗಳಿಗೆ ವಿಸ್ತರಿಸಿದರು. 1522ರಿಂದ ಆ ಕ್ರಮವು ನಡೆದುಬಂದಿದೆ. ಇದರಿಂದ ಒಂದು ಪರ್ಯಾಯಕ್ಕೂ ಮುಂದಿನದಕ್ಕೂ ನಡುವೆ ಪ್ರತಿಯೊಂದು ಮಠಕ್ಕೂ 14 ವರ್ಷಗಳ ಅವಕಾಶ ದೊರೆಯಿತು. ಸಂಚಾರಕ್ಕೂ ಪಾಠಪ್ರವಚನಗಳಿಗೂ ಮುಂದಿನ ಸಿದ್ಧತೆಗೂ ಅನುಕೂಲವಾಯಿತು.

ಆ ಸಿದ್ಧತೆಯ ಕ್ರಮವನ್ನು ಗಮನಿಸಬೇಕು. ಪರ್ಯಾಯಕ್ಕೆ ಒಂದು ವರ್ಷಕ್ಕೂ ಮೊದಲೇ ಬಾಳೆ ಮುಹೂರ್ತ. ಬಳಿಕ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಮುಂದೆ ಸಹಸ್ರಾರು ಜನರಿಗೆ ಬಡಿಸಬೇಕಾದ ಎಲೆಗಾಗಿ ಇಂದೇ ಬಾಳೆಯ ಕಂದನ್ನು ನೆಡುವುದು! ಸಮ ಸಂಖ್ಯೆಯ ವರ್ಷದ ಜನವರಿ 18ರಂದು ಅಕ್ಷಯಪಾತ್ರೆ, ಸಟ್ಟುಗ ಹಾಗೂ ಕೀಲಿಕೈಗಳು ಮುಂದಿನ ಯತಿಗಳ ಕೈಸೇರುತ್ತವೆ. ವಹಿಸಿಕೊಳ್ಳುವ ದಿನದಂತೆಯೇ ಒಪ್ಪಿಸುವ ದಿನವೂ ಇಲ್ಲಿ ನಿಶ್ಚಿತ. ಆದುದರಿಂದಲೇ ಸೇವೆಯು ವ್ಯಕ್ತಿಯೊಡನೆ ನಿಂತುಹೋಗದೆ ಶತಮಾನಗಳನ್ನು ದಾಟಿದೆ.

ಎರಡನೆಯದು ಲೌಕಿಕ ನಿದರ್ಶನ. ಇದೇ ಉಡುಪಿಯಲ್ಲಿ 1925ರಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ. ಎಂ. ಎ. ಪೈ ಮತ್ತು ವಾಮನ ಕುಡ್ವರು 8,000 ರೂಪಾಯಿಗಳ ಬಂಡವಾಳದಿಂದ ಒಂದು ಹಣಕಾಸು ಸಂಸ್ಥೆಯನ್ನು ಸ್ಥಾಪಿಸಿದರು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅವರ ಉದ್ದೇಶವಾಗಿತ್ತು. 1928ರಲ್ಲಿ ಆ ಸಂಸ್ಥೆಯು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಸಂಗ್ರಾಹಕನು ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸ್ವೀಕರಿಸುತ್ತಿದ್ದನು. ಎರಡಾಣೆ ಯಾವ ಲೆಕ್ಕವೆಂದು ತೋರಬಹುದು. ಆದರೆ ತಪ್ಪದೆ ಕಟ್ಟಿದರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಅಂದಿನ ಬಡ ಕುಟುಂಬಕ್ಕೆ ಅದು ಸಣ್ಣ ಗಂಟಲ್ಲ. ಈ ಸಂಸ್ಥೆಯೇ ಬೆಳೆದು ಸಿಂಡಿಕೇಟ್ ಬ್ಯಾಂಕಾಯಿತು; 1969ರಲ್ಲಿ ರಾಷ್ಟ್ರೀಕೃತವಾದ 14 ಬ್ಯಾಂಕುಗಳಲ್ಲಿ ಒಂದೆನಿಸಿತು. ರಾಷ್ಟ್ರನಿರ್ಮಾಣವು ರಾಜಧಾನಿಯಲ್ಲಿ ಮಾತ್ರ ನಡೆಯುವ ಕಾರ್ಯವಲ್ಲ. ಬಿಸಿಲು ಮಳೆಯೆನ್ನದೆ ಮನೆಯಿಂದ ಮನೆಗೆ ನಡೆದ ಸಂಗ್ರಾಹಕನ ಕಾಲುಗಳೂ ಅದನ್ನು ನಡೆಸಿವೆ.

2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ, ಅದರ ಹೆಸರು ಇಲ್ಲವಾಯಿತು. ಆದರೂ ಪಿಗ್ಮಿ ಎಂಬ ಮಾತು ಕನ್ನಡಿಗರ ನಾಲಗೆಯಲ್ಲಿ ಉಳಿದಿದೆ. ಊರೂರಿನ ಸಹಕಾರ ಸಂಘಗಳಲ್ಲಿ ಆ ಪದ್ಧತಿಯೂ ಉಳಿದಿದೆ. ಫಲಕದ ಮೇಲಿನ ಹೆಸರು ಅಳಿದರೂ ಜನರಲ್ಲಿ ಬೆಳೆದ ಸದಭ್ಯಾಸ ಅಳಿಯಲಿಲ್ಲ. ಸಿದ್ಧಿ ಅಸಿದ್ಧಿಗಳಲ್ಲಿ ವಿಕಾರಗೊಳ್ಳದಿರುವುದೂ ಸಾತ್ತ್ವಿಕನ ಲಕ್ಷಣವೆಂದು ಗೀತೆಯು ಅಲ್ಲಿಯೇ ಬೋಧಿಸುತ್ತದೆ. ಹೆಸರಿನ ಆಸೆಯಿಂದ ತೊಡಗಿದವನು ಹೆಸರು ಬಾರದಿದ್ದಾಗ ಹಿಂಜರಿಯುವನು. ಭಗವದರ್ಪಣಬುದ್ಧಿಯಿಂದ ತೊಡಗಿದವನಿಗೆ ಹಿಂಜರಿಯಲು ಕಾರಣವೇ ಇಲ್ಲ.

ಇವೆರಡರಿಂದ ನಾವು ಗ್ರಹಿಸಬೇಕಾದುದು ಇಷ್ಟು: ಕಾರ್ಯಕ್ಕೆ ಬಹು ಮುಂಚಿತವಾಗಿ ಸಿದ್ಧತೆ ಬೇಕು. ನಿತ್ಯದ ಪಾಲು ಎಲ್ಲರಿಗೂ ಸಾಧ್ಯವಾಗುವಷ್ಟು ಕಿರಿದಾಗಿರಬೇಕು. ಹೊಣೆಯನ್ನು ಒಪ್ಪಿಸುವ ದಿನವನ್ನು ಮೊದಲೇ ಗೊತ್ತುಮಾಡಿ, ಮುಂದಿನವರನ್ನು ಜೊತೆಯಲ್ಲಿಟ್ಟುಕೊಂಡು ಕಲಿಸಬೇಕು. ಇವಿಲ್ಲದ ಉತ್ಸಾಹವು ಕರ್ಪೂರದ ಉರಿಯಂತೆ. ಬೆಳಗಿದಷ್ಟೇ ಬೇಗ ಆರುವುದು.

ಆದುದರಿಂದ ಈ ಬಾರಿಯ ಉತ್ಸವದಲ್ಲಿ ದೊಡ್ಡ ಘೋಷಣೆಗಳು ಬೇಡ. ಪ್ರತಿ ಮನೆಯಲ್ಲಿಯೂ ಅನ್ನಕ್ಕಿಡುವ ಮುನ್ನ ಒಂದು ಹಿಡಿ ಅಕ್ಕಿಯನ್ನು ವಿದ್ಯಾರ್ಥಿಗಳ ಊಟಕ್ಕೆಂದು ತೆಗೆದಿಡೋಣ. ತಿಂಗಳಿಗೊಮ್ಮೆ ಅದನ್ನು ಸಂಗ್ರಹಿಸುವ ಹೊಣೆಯನ್ನು ಇಬ್ಬರು ಕಿರಿಯರು ಒಬ್ಬ ಹಿರಿಯರೊಡನೆ ಹೊರಲಿ. ಎರಡು ವರ್ಷಗಳ ಬಳಿಕ ಆ ಚೀಲವು ಬೇರೆ ಕೈಗಳಿಗೆ ಸಲ್ಲಲಿ. ಅಂದು ಚೀಲ ಬರಿದಾಗದಿದ್ದರೆ ನಮ್ಮ ಧೃತಿಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

॥ ಶ್ರೀಕೃಷ್ಣಾರ್ಪಣಮಸ್ತು ॥